‘ಸಿಗಲಿಲ್ಲ’ ಎಂದರೆ ‘ಇಲ್ಲ’ ಎಂದಲ್ಲ



ನಿಮ್ಮ ಶಾಲೆಯ ಲ್ಯಾಪ್‌ಟಾಪಿನಲ್ಲಿ ಒಂದು ಫೈಲ್ ಹುಡುಕುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಹಿಂದಿನ ಏಳನೇ ತರಗತಿಯವರು ಊರಿನ ಹಿರಿಯರನ್ನು ಮಾತನಾಡಿಸಿ ನೇತ್ರಾವತಿ ನದಿಯ ನೆರೆಯ ಬಗ್ಗೆ ಒಂದು ಪ್ರಾಜೆಕ್ಟ್ ಮಾಡಿದ್ದರು. 1974ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು, 2019ರ ಆಗಸ್ಟ್‌ನಲ್ಲಿ ಎಲ್ಲಿಯವರೆಗೆ ಬಂತು, ಯಾವ ಮನೆಯ ಎಷ್ಟನೇ ಮೆಟ್ಟಿಲು ಮುಳುಗಿತು ಎಂದು ಕೇಳಿ, ಅಳತೆ ಮಾಡಿ ಬರೆದಿಟ್ಟಿದ್ದರು. ಆ ಮಾಹಿತಿ ಈಗ ನಿಮಗೆ ಬೇಕು. ಹುಡುಕುವ ಚೌಕದಲ್ಲಿ ‘ಪ್ರವಾಹ’ ಎಂದು ಬೆರಳಚ್ಚು ಮಾಡುತ್ತೀರಿ. ಪರದೆಯ ಮೇಲೆ ಉತ್ತರ ಬರುತ್ತದೆ: ಏನೂ ಸಿಗಲಿಲ್ಲ.

ಆಗ ನೀವು ಏನು ಮಾಡುತ್ತೀರಿ? ಹೆಚ್ಚಿನವರು “ಯಾರೋ ಡಿಲೀಟ್ ಮಾಡಿದ್ದಾರೆ” ಎಂದು ಎದ್ದು ಹೋಗುತ್ತಾರೆ. ಕಂಪ್ಯೂಟರ್ ಹೇಳಿದ ಮೇಲೆ ಮುಗಿಯಿತು ಎನ್ನುವುದು ನಮ್ಮ ನಂಬಿಕೆ. ಈ ನಂಬಿಕೆ ತಪ್ಪು ಎಂಬುದು ನನ್ನ ಅಭಿಪ್ರಾಯ. ‘ಸಿಗಲಿಲ್ಲ’ ಎಂಬ ಮಾತಿಗೂ ‘ಇಲ್ಲ’ ಎಂಬ ಮಾತಿಗೂ ಬಹಳ ವ್ಯತ್ಯಾಸವಿದೆ. ವಿಜ್ಞಾನ ಕಲಿಯುವವರು ಈ ವ್ಯತ್ಯಾಸವನ್ನು ಮೊದಲು ತಿಳಿಯಬೇಕು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲಾ ಹುಡುಕಿದರು ಎಂಬ ಗಾದೆ ನಿಮಗೆ ಗೊತ್ತಲ್ಲ? ಎಷ್ಟೋ ಸಲ ಫೈಲ್ ಕೂಡ ಹಾಗೆಯೇ. ಅದು ಯಂತ್ರದ ಕಂಕುಳಲ್ಲೇ ಇರುತ್ತದೆ.

ಕಂಪ್ಯೂಟರ್ ಹೇಗೆ ಹುಡುಕುತ್ತದೆ?

ನೀವು ಹುಡುಕಲು ಹೇಳಿದಾಗ ಕಂಪ್ಯೂಟರ್ ಎಲ್ಲ ಫೈಲುಗಳನ್ನೂ ಒಂದೊಂದಾಗಿ ತೆರೆದು ಓದುತ್ತದೆ ಎಂದು ಭಾವಿಸಿದ್ದೀರಾ? ಇಲ್ಲ. ಹಾಗೆ ಮಾಡಿದರೆ ಎಷ್ಟು ಹೊತ್ತು ಬೇಕಾದೀತು, ಲೆಕ್ಕ ಹಾಕೋಣ.

ಹಳೆಯ ಲ್ಯಾಪ್‌ಟಾಪುಗಳ ಹಾರ್ಡ್ ಡಿಸ್ಕ್ ಒಳಗೆ ಗುಂಡಗಿನ ತಟ್ಟೆ ತಿರುಗುತ್ತಿರುತ್ತದೆ. ಸಾಮಾನ್ಯವಾಗಿ ಅದು ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 90 ಸುತ್ತು. ಬೇಕಾದ ಜಾಗ ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಸೂಜಿಯೂ ಆ ಕಡೆ ಈ ಕಡೆ ಸರಿಯಬೇಕು. ಒಂದು ಫೈಲಿಗೆ ಒಟ್ಟು 15 ಮಿಲಿಸೆಕೆಂಡ್ ಎಂದು ಇಟ್ಟುಕೊಂಡರೂ 50,000 ಫೈಲುಗಳಿಗೆ 750 ಸೆಕೆಂಡ್ ಆಯಿತು. ಅಂದರೆ ಹನ್ನೆರಡೂವರೆ ನಿಮಿಷ! ಇದು ಫೈಲಿನ ಹತ್ತಿರ ಹೋಗಲು ಮಾತ್ರ. ಒಳಗಿರುವುದನ್ನು ಓದುವ ಸಮಯ ಬೇರೆ.

ಇದನ್ನು ತಪ್ಪಿಸಲು ಕಂಪ್ಯೂಟರ್ ಒಂದು ಉಪಾಯ ಮಾಡುತ್ತದೆ. ಬಿಡುವಿನ ಹೊತ್ತಿನಲ್ಲಿ ಫೈಲುಗಳನ್ನು ಮೊದಲೇ ಓದಿ, ಯಾವ ಪದ ಯಾವ ಫೈಲಿನಲ್ಲಿದೆ ಎಂದು ಪಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ಈ ಪಟ್ಟಿಗೆ ಇಂಡೆಕ್ಸ್ ಎಂದು ಹೆಸರು. ಕನ್ನಡದಲ್ಲಿ ಸೂಚಿ ಎನ್ನಬಹುದು. ದೊಡ್ಡ ಪುಸ್ತಕಗಳ ಕೊನೆಯಲ್ಲಿ ‘ನೇತ್ರಾವತಿ – ಪುಟ 12, 47’ ಎಂದು ಪದಸೂಚಿ ಇರುತ್ತದೆಯಲ್ಲ, ಇದೂ ಅದೇ ಜಾತಿಯದು. ಸೂಚಿ ನೋಡಿದರೆ ಪುಸ್ತಕವನ್ನೆಲ್ಲ ಮಗುಚುವ ಕೆಲಸವಿಲ್ಲ.

ಹಾಗಾದರೆ ‘ಸಿಗಲಿಲ್ಲ’ ಎಂಬ ಉತ್ತರದ ನಿಜವಾದ ಅರ್ಥವೇನು? “ನನ್ನ ಪಟ್ಟಿಯಲ್ಲಿ ಈ ಪದ ಇಲ್ಲ” ಎಂದಷ್ಟೇ. ಪಟ್ಟಿ ತಪ್ಪಿದ್ದರೆ ಉತ್ತರವೂ ತಪ್ಪು.

ಪಟ್ಟಿ ತಪ್ಪುವುದು ಯಾವಾಗ?

ಇದಕ್ಕೆ ಕೆಲವು ಸಾಮಾನ್ಯ ಕಾರಣಗಳಿವೆ.

ಒಂದು, ಕಂಪ್ಯೂಟರ್ ಎಲ್ಲ ಜಾಗಗಳನ್ನೂ ಪಟ್ಟಿಗೆ ಸೇರಿಸುವುದಿಲ್ಲ. ವಿಂಡೋಸ್‌ನಲ್ಲಿ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಮುಂತಾದ ಫೋಲ್ಡರುಗಳು ತಾವಾಗಿಯೇ ಸೇರುತ್ತವೆ. ‘ಡಿ’ ಡ್ರೈವ್‌ನಲ್ಲಿ ಇಟ್ಟದ್ದು ನಾವು ಹೇಳದಿದ್ದರೆ ಸೇರುವುದಿಲ್ಲ. ನಮ್ಮ ಶಾಲೆಗಳಲ್ಲಿ ಮುಖ್ಯವಾದುದನ್ನೆಲ್ಲ ಜೋಪಾನವಾಗಿ ಇಡುವುದು ‘ಡಿ’ ಡ್ರೈವ್‌ನಲ್ಲೇ!

ಎರಡು, ಪಟ್ಟಿ ಇನ್ನೂ ಮುಗಿದಿರುವುದಿಲ್ಲ. ನಾವು ಕೆಲಸ ಮಾಡುತ್ತಿರುವಾಗ ಮತ್ತು ಬ್ಯಾಟರಿಯಲ್ಲಿ ಓಡುತ್ತಿರುವಾಗ ಯಂತ್ರ ಪಟ್ಟಿ ಬರೆಯುವುದನ್ನು ನಿಧಾನ ಮಾಡುತ್ತದೆ ಅಥವಾ ನಿಲ್ಲಿಸುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೇಗೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಮೂರು, ಕೆಲವು ಫೈಲುಗಳಲ್ಲಿ ಅಕ್ಷರವೇ ಇರುವುದಿಲ್ಲ. ಬರೆದ ಹಾಳೆಯ ಫೋಟೋ ತೆಗೆದು ಇಟ್ಟರೆ ನಮ್ಮ ಕಣ್ಣಿಗೆ ಅದು ಬರಹ. ಯಂತ್ರಕ್ಕೆ ಅದು ಬರೀ ಚಿತ್ರ.

ನಾಲ್ಕು, ಪಟ್ಟಿಯೇ ಕೆಟ್ಟುಹೋಗಿರುತ್ತದೆ. ಯಂತ್ರ ತಟ್ಟನೆ ಆರಿಹೋದರೆ ಹೀಗಾಗುವುದುಂಟು.

ಇವುಗಳಲ್ಲಿ ಯಾವುದು ಕಾರಣ ಎಂದು ತಿಳಿಯುವುದು ಹೇಗೆ? ಪ್ರಯೋಗ ಮಾಡಬೇಕು. ಊಹೆಯಿಂದ ಅಲ್ಲಿ ಇಲ್ಲಿ ಒತ್ತಬಾರದು.

ಮಾಡಿ ನೋಡಿ

ಇದನ್ನು ನಿಮ್ಮ ಶಿಕ್ಷಕರ ಜೊತೆ ಕುಳಿತು ಮಾಡಿ.

1. ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಒಂದು ಹೊಸ ಫೈಲ್ ತೆರೆಯಿರಿ. ಅದರಲ್ಲಿ ಬೇರೆಲ್ಲೂ ಇರಲಾರದ ಒಂದು ಪದ ಬರೆಯಿರಿ. ‘ಪತ್ರೊಡೆ’ ಎಂದು ಬರೆಯಬಹುದು. ಫೈಲಿಗೆ ಮಾತ್ರ ಬೇರೆ ಹೆಸರು ಕೊಟ್ಟು ಉಳಿಸಿ.

2. ಸ್ವಲ್ಪ ಹೊತ್ತು ಬಿಟ್ಟು ‘ಪತ್ರೊಡೆ’ ಎಂದು ಹುಡುಕಿ. ಸಿಕ್ಕಿತೇ? ಹಾಗಾದರೆ ಪಟ್ಟಿ ಸರಿಯಾಗಿ ಕೆಲಸ ಮಾಡುತ್ತಿದೆ. ತೊಂದರೆ ಹಳೆಯ ಫೈಲಿನಲ್ಲಿ ಅಥವಾ ನೀವು ಹುಡುಕಿದ ಪದದಲ್ಲಿ ಇದೆ.

3. ಸಿಗಲಿಲ್ಲವೇ? ಕಂಟ್ರೋಲ್ ಪ್ಯಾನೆಲ್‌ನಲ್ಲಿ ಇಂಡೆಕ್ಸಿಂಗ್ ಆಪ್ಷನ್ಸ್ ತೆರೆಯಿರಿ. ಪಟ್ಟಿ ಮಾಡುವ ಕೆಲಸ ಮುಗಿದಿದೆಯೇ, ಯಾವ ಫೋಲ್ಡರುಗಳು ಸೇರಿವೆ ಎಂದು ಅಲ್ಲಿ ಕಾಣುತ್ತದೆ. ಬೇಕಾದ ಫೋಲ್ಡರ್ ಇಲ್ಲದಿದ್ದರೆ ಸೇರಿಸಿ.

4. ಎಲ್ಲ ಸರಿಯಿದ್ದೂ ಸಿಗದಿದ್ದರೆ ಅಲ್ಲೇ ಅಡ್ವಾನ್ಸ್ಡ್ ಎಂಬಲ್ಲಿ ರೀಬಿಲ್ಡ್ ಎಂಬ ಗುಂಡಿ ಇದೆ. ಅದು ಹಳೆಯ ಪಟ್ಟಿಯನ್ನು ಅಳಿಸಿ ಹೊಸದಾಗಿ ಬರೆಯುತ್ತದೆ. ನಿಮ್ಮ ಫೈಲುಗಳಿಗೆ ಏನೂ ಆಗುವುದಿಲ್ಲ. ಆದರೆ ಕೆಲವು ಗಂಟೆ ಬೇಕಾಗಬಹುದು. ಚಾರ್ಜರ್ ಹಾಕಿ ಬಿಟ್ಟುಬಿಡಿ.

ಗಮನಿಸಿ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬೀಜ ಮೊಳೆಯುವ ಪ್ರಯೋಗದಲ್ಲಿ ನೀರು, ಬೆಳಕು ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಇಲ್ಲಿಯೂ ಹಾಗೆಯೇ.

ಮೂರು ಊರು, ಮೂರು ತೊಡಕು

ಇಷ್ಟು ಮಾಡಿದರೂ ಕೆಲವು ಫೈಲುಗಳು ಸಿಗುವುದಿಲ್ಲ. ಏಕೆಂದರೆ ಕನ್ನಡದಲ್ಲಿ ಹುಡುಕುವಾಗ ಇನ್ನೂ ಕೆಲವು ತೊಡಕುಗಳಿವೆ. ನಮ್ಮ ಮೂರು ಊರುಗಳ ಹೆಸರಿನಿಂದಲೇ ಅವನ್ನು ತಿಳಿಯಬಹುದು.

ಮೊದಲು ಬಂಟ್ವಾಳ. ಈ ಎರಡು ಹೆಸರುಗಳನ್ನು ನೋಡಿ: ಬಂಟ್ವಾಳ, ಬ೦ಟ್ವಾಳ. ಏನಾದರೂ ವ್ಯತ್ಯಾಸ ಕಂಡಿತೇ? ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡದ ಸೊನ್ನೆ! ಕಂಪ್ಯೂಟರಿಗೆ ಪ್ರತಿ ಅಕ್ಷರವೂ ಒಂದು ಸಂಖ್ಯೆ. ಇಡೀ ಜಗತ್ತಿನ ಲಿಪಿಗಳಿಗೆ ಹೀಗೆ ಸಂಖ್ಯೆ ಕೊಡುವ ವ್ಯವಸ್ಥೆಗೆ ಯೂನಿಕೋಡ್ ಎಂದು ಹೆಸರು. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಅನುಸ್ವಾರದ ಸಂಖ್ಯೆ 3202. ಕನ್ನಡ ಸೊನ್ನೆಯ ಸಂಖ್ಯೆ 3302. ನಮ್ಮ ಕಣ್ಣಿಗೆ ಎರಡೂ ಒಂದೇ ಗುಂಡು. ಯಂತ್ರಕ್ಕೆ ಎರಡರ ನಡುವೆ ನೂರರ ಅಂತರ. ಬೆರಳಚ್ಚು ಮಾಡಿದವರು ಅವಸರದಲ್ಲಿ ಸೊನ್ನೆ ಒತ್ತಿದ್ದರೆ ‘ಬಂಟ್ವಾಳ’ ಎಂದು ನೀವು ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ. ನುಡಿ, ಬರಹ ತಂತ್ರಾಂಶಗಳಲ್ಲಿ ಅನುಸ್ವಾರಕ್ಕೆ ಶಿಫ್ಟ್ ಹಿಡಿದು ‘ಎಂ’ ಕೀಲಿ ಒತ್ತಬೇಕು ಎಂಬುದು ನೆನಪಿರಲಿ.

ಎರಡನೆಯದು ಬೆಳ್ತಂಗಡಿ. ಯೂನಿಕೋಡ್ ಬಳಕೆ ನಮ್ಮಲ್ಲಿ ಹರಡುವ ಮೊದಲು ಶಾಲೆ, ಕಚೇರಿಗಳಲ್ಲಿ ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡುತ್ತಿದ್ದರು. ಆಗ ಪರದೆಯ ಮೇಲೆ ಕನ್ನಡ ಕಾಣುತ್ತಿದ್ದರೂ ಯಂತ್ರದ ಒಳಗೆ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಖ್ಯೆಗಳು. ಬೆಳ್ತಂಗಡಿಯ ಕೊನೆಯ ‘ಡಿ’ ಅಲ್ಲಿ ಸಣ್ಣ ‘ಆರ್’ ಅಕ್ಷರದ ಸಂಖ್ಯೆಯಾದ 114 ಆಗಿ ಕೂತಿದೆ. ಅನುಸ್ವಾರ ದೊಡ್ಡ ‘ಎ’ ಅಕ್ಷರದ ಸಂಖ್ಯೆಯಾದ 65 ಆಗಿ ಕೂತಿದೆ.

ಯಕ್ಷಗಾನ ನೋಡಿದ್ದೀರಲ್ಲ? ರಂಗಸ್ಥಳದಲ್ಲಿ ಕಿರೀಟ ಕಟ್ಟಿದ ದೇವೇಂದ್ರ. ಚೌಕಿಯಲ್ಲಿ ವೇಷ ಕಳಚಿದರೆ ನಮ್ಮ ಪಕ್ಕದ ಮನೆಯ ಮಾವ. ಹಳೆಯ ಅಕ್ಷರಗಳೂ ಹೀಗೆ ಕನ್ನಡದ ವೇಷ ಹಾಕಿದ ಇಂಗ್ಲಿಷ್ ಸಂಕೇತಗಳು. ಸೂಚಿ ಮಾಡುವ ತಂತ್ರಾಂಶ ವೇಷವನ್ನು ನೋಡುವುದಿಲ್ಲ. ನೇರವಾಗಿ ಚೌಕಿಗೇ ಹೋಗುತ್ತದೆ. ಅಲ್ಲಿ ‘ಬೆಳ್ತಂಗಡಿ’ ಎಂಬ ಹೆಸರಿನವರು ಯಾರೂ ಇಲ್ಲ! ಇಂಥ ಫೈಲುಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಾಯಿಸಬಹುದು. ಆದರೆ ಮೂಲ ಫೈಲಿನ ಒಂದು ಪ್ರತಿಯನ್ನು ತೆಗೆದಿಟ್ಟುಕೊಂಡೇ ಮಾಡಬೇಕು. ಪರಿವರ್ತನೆಯಲ್ಲಿ ಒಂದೆರಡು ಒತ್ತಕ್ಷರಗಳು ಕೆಡುವುದುಂಟು.

ಮೂರನೆಯದು ಮೂಡುಬಿದಿರೆ. ಈ ಊರಿನ ಹೆಸರನ್ನು ಒಬ್ಬರು ಮೂಡುಬಿದಿರೆ ಎಂದು ಬರೆಯುತ್ತಾರೆ. ಇನ್ನೊಬ್ಬರು ಮೂಡಬಿದ್ರೆ ಎನ್ನುತ್ತಾರೆ. ಮೂಡುಬಿದ್ರೆ, ಮೂಡಬಿದರೆ ಎಂದು ಬರೆಯುವವರೂ ಇದ್ದಾರೆ. ತುಳುವಿನಲ್ಲಿ ಅದು ಬೆದ್ರ. ನಮಗೆ ಎಲ್ಲವೂ ಒಂದೇ ಊರು. ಪಟ್ಟಿಗೆ ಇವು ಐದು ಬೇರೆ ಬೇರೆ ಪದಗಳು. ಒಂದನ್ನು ಹುಡುಕಿದರೆ ಉಳಿದ ನಾಲ್ಕು ಬರುವುದಿಲ್ಲ.

ಅಜ್ಜಿಯ ಪದ, ಪುಸ್ತಕದ ಪದ

ಈಗ ನಮ್ಮ ನೆರೆಯ ಫೈಲಿಗೆ ಬರೋಣ. ನೀವು ಹುಡುಕಿದ್ದು ‘ಪ್ರವಾಹ’. ಅದು ಪಾಠದ ಪುಸ್ತಕದ ಪದ. ಬರೆದ ಮಕ್ಕಳು ‘ನೆರೆ’ ಎಂದು ಬರೆದಿರಬಹುದು. ಅಜ್ಜಿ ತುಳುವಿನಲ್ಲಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದರೆ ಅದು ‘ಬೊಳ್ಳ’. 1923ರ ದೊಡ್ಡ ನೆರೆಯನ್ನು ಹಳಬರು ‘ಮಾರಿ ಬೊಳ್ಳ’ ಎಂದೇ ಕರೆಯುತ್ತಿದ್ದರು. ಫೈಲ್ ಇದೆ, ಪಟ್ಟಿಯೂ ಸರಿ ಇದೆ. ಆದರೆ ನೀವು ಕೇಳಿದ ಮಾತು ಬೇರೆ.

ವ್ಯಾಕರಣವೂ ಸ್ವಲ್ಪ ಆಟ ಆಡಿಸುತ್ತದೆ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುತ್ತದೆ ಎಂದು ಲೋಪಸಂಧಿಯಲ್ಲಿ ಕಲಿಯುತ್ತೀರಿ. ಅಲ್ಲಿ ‘ಉ’ಕಾರ ಹೋಯಿತು. ‘ಊರು’ ಎಂದು ಹುಡುಕಿದರೆ ‘ಊರಲ್ಲಿ’ ಇರುವ ಫೈಲ್ ತಪ್ಪಿಹೋಗಬಹುದು. ಲ್ಯಾಪ್‌ಟಾಪಿನ ಸೂಚಿ ಪದದ ಮೊದಲ ಭಾಗವನ್ನು ಹಿಡಿದು ಹುಡುಕುತ್ತದೆ. ಹಾಗಾಗಿ ‘ನೀರು’ ಎಂದರೆ ‘ಹೊಳೆನೀರು’ ಸಿಗುವುದಿಲ್ಲ. ಪೂರ್ತಿ ಪದದ ಬದಲು ಮೊದಲ ಒಂದೆರಡು ಅಕ್ಷರ ಮಾತ್ರ ಕೊಟ್ಟು ನೋಡಿ. ಅದೇ ಅರ್ಥದ ಬೇರೆ ಪದ ಕೊಟ್ಟು ನೋಡಿ. ವರ್ಷ ಕೊಟ್ಟು ನೋಡಿ. ‘1974’ ಎಂಬ ಅಂಕಿಗೆ ತುಳು, ಕನ್ನಡ ಎಂಬ ಭೇದವಿಲ್ಲ.

ತಾಳೆಗರಿಯ ಸೂಚಿ

ಇದೆಲ್ಲ ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಸಮಸ್ಯೆ ಎಂದುಕೊಳ್ಳಬೇಡಿ. ಮೂಡುಬಿದಿರೆಯ ಗುರು ಬಸದಿಯ ಹೆಸರು ಕೇಳಿದ್ದೀರಲ್ಲ? ಅದಕ್ಕೆ ಸಿದ್ಧಾಂತ ಬಸದಿ ಎಂಬ ಹೆಸರೂ ಇದೆ. ‘ಧವಲಾ’ ಎಂಬ ಬಹಳ ಪ್ರಾಚೀನ ಗ್ರಂಥದ ತಾಳೆಗರಿ ಪ್ರತಿಗಳು ಉಳಿದುಬಂದದ್ದು ಅಲ್ಲಿಯೇ. ಅದರ ಭಾಷೆ ಮುಖ್ಯವಾಗಿ ಪ್ರಾಕೃತ, ಲಿಪಿ ಹಳಗನ್ನಡ. ಶತಮಾನಗಳ ಕಾಲ ಜೋಪಾನವಾಗಿದ್ದ ಆ ಗ್ರಂಥ 1939ರಿಂದ 1958ರ ನಡುವೆ 16 ಸಂಪುಟಗಳಲ್ಲಿ ಅಚ್ಚಾಯಿತು. ಹೊರಗಿನ ಸಾಮಾನ್ಯ ಓದುಗರ ಕೈಗೆ ಅದು ಸುಲಭವಾಗಿ ಸಿಕ್ಕಿದ್ದು ಆಮೇಲೆಯೇ.

ನಮ್ಮ ಕಡೆಯ ಬಸದಿ, ಮಠಗಳಲ್ಲಿ ಇನ್ನೂ ಎಷ್ಟೋ ತಾಳೆಗರಿ ಕಟ್ಟುಗಳಿದ್ದವು. ಯಾವ ಕಟ್ಟಿನಲ್ಲಿ ಯಾವ ಗ್ರಂಥ ಇದೆ ಎಂದು ದೂರದವರಿಗೆ ತಿಳಿಯುವುದು ಹೇಗೆ? ವಿದ್ವಾಂಸ ಕೆ. ಭುಜಬಲಿ ಶಾಸ್ತ್ರಿಯವರು ಮೂಡುಬಿದಿರೆ, ಕಾರ್ಕಳ ಮುಂತಾದ ಕಡೆಗಳ ಗ್ರಂಥಗಳ ಪಟ್ಟಿ ಮಾಡಿದರು. ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ ಎಂಬ ಹೆಸರಿನಲ್ಲಿ ಅದು 1948ರಲ್ಲಿ ಪ್ರಕಟವಾಯಿತು. ನೋಡಿ, ಅಲ್ಲಿಯೂ ‘ಸೂಚಿ’ ಎಂಬ ಪದವೇ ಇದೆ! ಕಂಪ್ಯೂಟರ್ ಬಿಡುವಿನಲ್ಲಿ ಮಾಡುವ ಕೆಲಸವನ್ನು ಆಗ ಮನುಷ್ಯರು ಗರಿ ಬಿಡಿಸಿ, ಓದಿ, ಕೈಯಲ್ಲಿ ಬರೆದು ಮಾಡಿದರು. ಸೂಚಿ ಬರುವ ಮೊದಲೂ ಆ ಗ್ರಂಥಗಳು ಇದ್ದವು. ಆದರೆ ಬೇಕಾದವರಿಗೆ ಸಿಗುತ್ತಿರಲಿಲ್ಲ.

ಹೆಸರಿನ ಪ್ರಶ್ನೆ

ಒಂದು ಫೈಲ್ ಸಿಗದಿದ್ದರೆ ಇಷ್ಟು ದೊಡ್ಡ ಮಾತು ಏಕೆ ಎಂದು ಕೇಳಬಹುದು. ಫೈಲಿನ ಜಾಗದಲ್ಲಿ ನಿಮ್ಮ ಹೆಸರನ್ನು ಇಟ್ಟು ನೋಡಿ. ಡಿಸೋಜ, ಡಿಸೋಜಾ, ಡಿಸೊಜ; ಫಾತಿಮ, ಫಾತಿಮಾ, ಫಾತಿಮತ್; ಜಯಂತ, ಜಯ೦ತ. ವಿದ್ಯಾರ್ಥಿವೇತನಕ್ಕೋ ಪ್ರಮಾಣಪತ್ರಕ್ಕೋ ಅಮ್ಮನ ಜೊತೆ ಹೋಗಿದ್ದೀರಿ. ಕಿಟಕಿಯ ಆಚೆ ಕುಳಿತವರು “ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿಲ್ಲ” ಎನ್ನುತ್ತಾರೆ. ಅಮ್ಮ ತಲೆಯಾಡಿಸಿ ಹಿಂದೆ ಬಂದರೆ ಒಂದು ದಿನದ ಕೂಲಿಯೂ ಹೋಯಿತು, ಬಸ್ಸಿನ ಹಣವೂ ಹೋಯಿತು. ಆಗ ನೀವು ಮೆಲ್ಲಗೆ ಹೇಳಬೇಕು: “ಸಾರ್, ಬೇರೆ ಸ್ಪೆಲ್ಲಿಂಗಿನಲ್ಲಿ ಒಮ್ಮೆ ನೋಡುತ್ತೀರಾ? ನಂಬರ್ ಹಾಕಿ ನೋಡುತ್ತೀರಾ?” ನಿಮಗೆಲ್ಲ ಸ್ಯಾಟ್ಸ್ ಸಂಖ್ಯೆ ಇದೆಯಲ್ಲ. ಹೆಸರಿನಲ್ಲಿ ಬರುವ ಇಂಥ ತೊಡಕು ಸಂಖ್ಯೆಯಲ್ಲಿ ಬರುವುದಿಲ್ಲ. ಅದನ್ನು ನೋಟ್ ಪುಸ್ತಕದ ಮೊದಲ ಪುಟದ ಒಳಬದಿಯಲ್ಲಿ ಬರೆದಿಟ್ಟುಕೊಳ್ಳಿ.

“ಈಗ ಮೊಬೈಲಿನಲ್ಲಿ ಕೇಳಿದರೆ ಎಲ್ಲ ಸಿಗುತ್ತದೆ, ಇದನ್ನೆಲ್ಲ ಏಕೆ ಕಲಿಯಬೇಕು?” ಎನ್ನುವವರೂ ಇದ್ದಾರೆ. ಈಗಿನ ತಂತ್ರಾಂಶಗಳು ಫೋಟೋದಲ್ಲಿರುವ ಕನ್ನಡವನ್ನೂ ಓದಬಲ್ಲವು, ಕಾಗುಣಿತ ತಪ್ಪಿದ್ದರೂ ಊಹಿಸಬಲ್ಲವು ಎಂಬುದು ನಿಜ. ಆದರೆ ಅವು ನೋಡುವುದು ತಮಗೆ ತೋರಿಸಿದ್ದನ್ನು ಮಾತ್ರ. ನಿಮ್ಮ ಶಾಲೆಯ ಲ್ಯಾಪ್‌ಟಾಪಿನ ‘ಡಿ’ ಡ್ರೈವ್‌ನಲ್ಲಿ ಹೆಸರಿಲ್ಲದೆ ಮಲಗಿರುವ ನೆರೆಯ ಅಳತೆ ಅವಕ್ಕೆ ಗೊತ್ತಿಲ್ಲ. ಅದು ಗೊತ್ತಿರುವುದು ನಿಮಗೆ.

ನನ್ನದೊಂದು ಸಲಹೆ

ನಮ್ಮ ಶಾಲೆಗಳಲ್ಲಿ ಮಕ್ಕಳ ಮಂತ್ರಿಮಂಡಲ ಇದೆ. ಆರೋಗ್ಯ ಮಂತ್ರಿ, ನೀರಾವರಿ ಮಂತ್ರಿ, ಶಿಸ್ತುಪಾಲನಾ ಮಂತ್ರಿ ಎಂದೆಲ್ಲ ಇದ್ದೀರಿ. ಈ ಸಲ ಒಂದು ಹೊಸ ಖಾತೆ ಸೇರಿಸಿ: ಕಡತ ಮಂತ್ರಿ. ಕಂಪ್ಯೂಟರ್ ಬಲ್ಲವರೇ ಆಗಬೇಕೆಂದಿಲ್ಲ. ಅಚ್ಚುಕಟ್ಟಾಗಿ ಬರೆಯುವವರು ಆದರೆ ಸಾಕು. ಅವರ ಕೆಲಸ ಮೂರೇ.

ಮೊದಲನೆಯದು, ಪ್ರತಿ ಫೈಲಿಗೂ ಅರ್ಥವಿರುವ ಹೆಸರು. ‘ಹೊಸದು 1’, ‘ಫೈನಲ್’, ‘ಫೈನಲ್ ಫೈನಲ್’ ಎಂಬ ಹೆಸರುಗಳು ಬೇಡ. ವರ್ಷ ಮೊದಲು, ಆಮೇಲೆ ತಿಂಗಳು, ವಿಷಯ, ತರಗತಿ, ಹೀಗೆ: ‘2019-08 ನೆರೆ ಅಳತೆ 7ನೇ ತರಗತಿ’. ವರ್ಷ ಮೊದಲು ಬಂದರೆ ಫೈಲುಗಳು ತಾವಾಗಿಯೇ ಕಾಲದ ಸಾಲಿನಲ್ಲಿ ನಿಲ್ಲುತ್ತವೆ.

ಎರಡನೆಯದು, ಫೈಲಿನ ಮೊದಲ ಸಾಲಿನಲ್ಲಿ ವಿಷಯದ ಬೇರೆ ಬೇರೆ ಹೆಸರುಗಳು: ನೆರೆ, ಪ್ರವಾಹ, ಬೊಳ್ಳ, ಮೂಡುಬಿದಿರೆ, ಮೂಡಬಿದ್ರೆ, ಬೆದ್ರ. ಯಾರು ಯಾವ ಪದ ಹಿಡಿದು ಬಂದರೂ ಬಾಗಿಲು ತೆರೆದಿರುತ್ತದೆ.

ಮೂರನೆಯದು, ಒಂದು ನೋಟ್ ಪುಸ್ತಕ. ಫೈಲಿನ ಹೆಸರು, ಇಟ್ಟ ಜಾಗ, ಮಾಡಿದವರು, ದಿನಾಂಕ, ಇಷ್ಟನ್ನು ಪೆನ್ನಿನಲ್ಲಿ ಬರೆಯಿರಿ. ಕರೆಂಟು ಹೋದರೂ ಓದಲು ಬರುವ ಸೂಚಿ ಇದು. ಲ್ಯಾಪ್‌ಟಾಪ್ ಕೆಟ್ಟರೆ ಏನೇನು ಇತ್ತು ಎಂದಾದರೂ ತಿಳಿಯುತ್ತದೆ.

ಮುಂದೆ ಒಂದು ಮಳೆಗಾಲದಲ್ಲಿ ನದಿ ಮತ್ತೆ ಉಕ್ಕಬಹುದು. ಎಲ್ಲಿ ಮನೆ ಕಟ್ಟಬೇಕು, ಹಸುಗಳನ್ನು ಯಾವ ಗುಡ್ಡಕ್ಕೆ ಹೊಡೆಯಬೇಕು, ಯಾವ ರಸ್ತೆ ಮೊದಲು ಮುಳುಗುತ್ತದೆ ಎಂದು ಆಗ ಊರಿನವರು ಕೇಳುತ್ತಾರೆ. 1974ರ ನೆರೆಯನ್ನು ಕಣ್ಣಾರೆ ಕಂಡ ಅಜ್ಜ, ಅಜ್ಜಿಯರು ಆಗ ಇರಲಾರರು. ಅವರು ಹೇಳಿದ್ದನ್ನು ನೀವು ಬರೆದಿಟ್ಟರೆ ಅದು ಅರ್ಧ ಕೆಲಸ. ಮುಂದಿನವರು ಹುಡುಕಿದಾಗ ಅದು ಸಿಗುವಂತೆ ಇಟ್ಟರೆ ಪೂರ್ತಿ ಕೆಲಸ.

ಈ ವಾರವೇ ನಿಮ್ಮ ಶಿಕ್ಷಕರನ್ನು ಕೇಳಿ, ಶಾಲೆಯ ಲ್ಯಾಪ್‌ಟಾಪಿನಲ್ಲಿ ‘ಪತ್ರೊಡೆ’ ಪ್ರಯೋಗ ಮಾಡಿ. ಸಿಕ್ಕಿದರೆ ಸಂತೋಷ. ಸಿಗದಿದ್ದರೆ ಏಕೆ ಎಂದು ಹುಡುಕಲು ನಿಮಗೆ ಈಗ ದಾರಿ ಗೊತ್ತಿದೆ.